ಜಾರಿ ಬಿದ್ದವರು, ಗುದ್ದಿಸಿಕೊಂಡವರು

ಇಂದಿರಾನಗರದ ಸಾಹೇಬರೊಬ್ಬರು ಮುರಿದ ಪಕ್ಕೆಲುಬಿನ ಮೇಲೆ ಕೈ ಇಟ್ಟುಕೊಂಡು, ಗಾಲಿಕುರ್ಚಿಯಲ್ಲಿ ನನ್ನ ಮೇಜಿನ ಮುಂದೆ ಬಂದು, ಕಾರಿನ ಪಾಲಿಸಿಯನ್ನು ಗತ್ತಿನಿಂದ ಮುಂದಿಟ್ಟರು. "ಮೇಡಂ, ನೋ ಟೆನ್ಷನ್. ಬಂಪರ್ ಟು ಬಂಪರ್ ಇದೆ," ಅಂದರು.

"ಸರ್, ಬಂಪರ್ ಟು ಬಂಪರ್ ಇರೋದು ನಿಮ್ಮ ಕಾರಿಗೆ. ನಿಮ್ಮ ಪಕ್ಕೆಲುಬಿಗಲ್ಲ," ಅಂದೆ.

ಅವರು ನಕ್ಕರು. ನಕ್ಕಿದ್ದಕ್ಕೆ ಪಕ್ಕೆ ಹಿಡಿದುಕೊಂಡು ಚೀರಿದರು. ಸಿಸ್ಟರ್ ಓಡಿಬಂದು ನನ್ನನ್ನೇ ಬೈದರು. ಪಾಪ, ಕಾರಿನ ಗೀರಿಗೂ ವಿಮೆ ಮಾಡಿಸಿದ್ದ ಮನುಷ್ಯ ತನ್ನ ಮೈಗೆ ಮಾಡಿಸಿರಲಿಲ್ಲ. ಕಚೇರಿಯವರು ಎಲ್ಲ ನೌಕರರಿಗೂ ಮಾಡಿಸಿಕೊಟ್ಟ ಆರೋಗ್ಯ ವಿಮೆ ಇತ್ತು, ಆದರೆ ಅದರ ಕಾರ್ಡು ಎಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅದನ್ನು ಹುಡುಕಿಸಿ, ಒಪ್ಪಿಗೆ ತರಿಸಿ, ಅವರನ್ನು ಮನೆಗೆ ಕಳಿಸುವಷ್ಟರಲ್ಲಿ ಅವರಿಗಿಂತ ಮೊದಲೇ ಕಾರು ರಿಪೇರಿಯಾಗಿ ಮನೆ ಸೇರಿತ್ತು.

ನನ್ನ ಹೆಸರು ಸುಮಿತ್ರಾ. ಹುಟ್ಟೂರು ರಾಣೆಬೆನ್ನೂರಿನ ಕಡೆ. ಗಂಡನಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಮದುವೆಯಾದಾಗಿನಿಂದ ಹೊಸ ತಿಪ್ಪಸಂದ್ರದಲ್ಲೇ ವಾಸ. ಹಲಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಗುಮಾಸ್ತಳಾಗಿ ಸೇರಿ, ಅಲ್ಲಿಯೇ ಇನ್ಶೂರೆನ್ಸ್ ಡೆಸ್ಕಿನಲ್ಲಿ ನಿವೃತ್ತಳಾದೆ. ಆ ಕುರ್ಚಿಗೆ ಈಗ ಹೊಸದಾಗಿ ಬಂದ ಹುಡುಗಿಯರು ಇಂದಿಗೂ ನನಗೆ ಫೋನ್ ಮಾಡುತ್ತಾರೆ. "ಆಂಟಿ, ಆಕ್ಸಿಡೆಂಟ್ ಕೇಸ್ ಬಂದಿದೆ. ಮೂರು ಕಾರ್ಡ್ ಇದೆ. ಯಾವ್ದು ಹಾಕ್ಲಿ?" ಫೋನಿನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಹಾಗಾಗಿ ಬರೆದೇ ಬಿಡೋಣ ಎಂದು ಕೂತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬ ಪುರಾಣ ಇಲ್ಲಿಲ್ಲ. ನಾನು ಆ ಕೆಲಸವನ್ನು ಚೆನ್ನಾಗಿ ಮಾಡಿದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ನನಗೆ ಈ ವಿದ್ಯೆ ಕಲಿಸಿದವರು ಬಿಲ್ಲಿಂಗ್ ಮ್ಯಾನೇಜರ್ ಅಂತೋಣಿ ಸರ್. ಬೆನ್ಸನ್ ಟೌನಿನವರು. ಮನೆಯಲ್ಲಿ ತಮಿಳು, ಚರ್ಚಿನಲ್ಲಿ ಇಂಗ್ಲಿಷ್, ನನ್ನ ಜೊತೆ ಕನ್ನಡ, ಬೈಯುವಾಗ ಮೂರೂ. ನಾನು ಡೆಸ್ಕಿಗೆ ಕೂತ ಹೊಸತರಲ್ಲಿ, ಅಪಘಾತವಾದವರ ಕಡೆಯವರು ಬಂದ ಕೂಡಲೇ "ಕಾರ್ಡ್ ಇದೆಯಾ?" ಎಂದು ಕೈ ಚಾಚುತ್ತಿದ್ದೆ. ಒಂದು ದಿನ ಹಿಂದೆ ನಿಂತು ನೋಡಿದ ಅಂತೋಣಿ ಸರ್, ಆ ಜನ ಹೋದ ಮೇಲೆ ನನ್ನನ್ನು ಕರೆದರು.

"ಏನಮ್ಮಾ, ನೀನು ಬಸ್ ಕಂಡಕ್ಟರಾ? ಕಾರ್ಡ್ ಕಾರ್ಡ್ ಅಂತೀಯ. ಮೊದ್ಲು ಕಥೆ ಕೇಳು. ಎಲ್ಲಿಗೆ ಹೋಗ್ತಿದ್ರು, ಯಾರು ಓಡಿಸ್ತಿದ್ರು, ಯಾರು ಗುದ್ದಿದ್ರು. ಕಥೆ ಗೊತ್ತಾದ್ರೆ ಪೋದುಂ, ಅಷ್ಟು ಸಾಕು. ಯಾರು ದುಡ್ಡು ಕೊಡ್ಬೇಕು ಅಂತ ಆ ಕಥೇನೇ ಹೇಳತ್ತೆ."

ಅದೇ ನನ್ನ ಪಾಲಿನ ಗುರೂಪದೇಶ. ಮಕ್ಕಳೇ, ಒಂದನ್ನು ನೆನಪಿಡಿ. ಅಪಘಾತದಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿರುತ್ತವೆ. ಆಸ್ಪತ್ರೆಯ ಬಿಲ್ಲು ಇವತ್ತಿನದು. ಅದನ್ನು ಕಟ್ಟುವುದು ಗಾಯಗೊಂಡವರ ಸ್ವಂತ ಆರೋಗ್ಯ ವಿಮೆ, ಇಲ್ಲವೇ ಅವರ ಕಚೇರಿಯ ವಿಮೆ, ಇಲ್ಲವೇ ಕಾರ್ಮಿಕರಾದರೆ ಅವರ ಸಂಬಳದಿಂದ ಹಿಡಿಯುವ ಸರ್ಕಾರಿ ವಿಮೆ, ಇ.ಎಸ್.ಐ. ಗುದ್ದಿದ ಗಾಡಿಯ ವಿಮೆ ನಾಳೆಯದು. ಅದು ಕೌಂಟರಿನಲ್ಲಿ ಬಿಲ್ಲು ಕಟ್ಟುವುದಿಲ್ಲ. ಕಾಲು ಹೋಯಿತು, ದುಡಿಮೆ ಹೋಯಿತು, ನೋವು ತಿಂದೆವು ಎಂದು ಅಪಘಾತ ಪರಿಹಾರದ ನ್ಯಾಯಮಂಡಳಿಯ ಮುಂದೆ ಹೋದರೆ, ಅಲ್ಲಿ ಆದೇಶವಾದ ಮೇಲೆ ಕೊಡುತ್ತದೆ. ಇತ್ತೀಚೆಗೆ ಆರಂಭದ ಕೆಲವು ದಿನಗಳ ಚಿಕಿತ್ಸೆಗೆ ಸರ್ಕಾರದ ಯೋಜನೆಯೂ ಬಂದಿದೆ, ಒಳ್ಳೆಯದೇ ಆಯಿತು. ಆದರೆ ಯಾವ ಬಾಗಿಲು ತಟ್ಟಿದರೂ ಒಳಗಿನವರು ಮೊದಲು ಕೇಳುವುದು ಕಥೆಯನ್ನೇ.

ಕಥೆ ಕೇಳುವುದೆಂದರೆ ಸುಮ್ಮನೆ ಕೇಳುವುದಲ್ಲ. ಶಿವಾಜಿನಗರದ ನಜೀರ್ ಸಾಹೇಬರು ನೆನಪಾಗುತ್ತಾರೆ. ಹಳೆಯ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದರು. ಸ್ಕೂಟರಿಗೆ ಕಾರು ತಗುಲಿ ತೊಡೆಮೂಳೆ ಮುರಿದಿತ್ತು. ಅವರ ಮಗ ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತಂದು ನನ್ನ ಮೇಜಿನ ಮೇಲೆ ಸುರಿದ. ಜೀವ ವಿಮೆ, ಸ್ಕೂಟರಿನ ವಿಮೆ, ಅಂಗಡಿಗೆ ಬೆಂಕಿ ಬಿದ್ದರೆ ಬರುವ ವಿಮೆ, ಎಲ್ಲವೂ ಇದ್ದವು.

ಸ್ಟ್ರೆಚರಿನ ಮೇಲಿಂದಲೇ ನಜೀರ್ ಸಾಹೇಬರು ಕೇಳಿದರು. "ಬೇಟಿ, ಇದ್ರಲ್ಲಿ ಯಾವ್ದು ಚಲ್ತಾ ಹೈ?"

"ಯಾವ್ದೂ ನಡಿಯಲ್ಲ ಸಾಹೇಬ್ರೆ. ನಿಮಗೆ ಬೆಂಕಿ ಹತ್ತಿಲ್ಲ, ನೀವು ಸತ್ತೂ ಇಲ್ಲ."

"ಅಲ್ಲಾ ಕಾ ಶುಕ್ರ್," ಅಂದರು ಅವರು. ಮಗನ ಮುಖ ಮಾತ್ರ ಸಣ್ಣದಾಯಿತು.

ಆಗ ಕೇಳಿದೆ. "ಮನೇಲಿ ಬೇರೆ ಯಾರು ಕೆಲಸ ಮಾಡ್ತಾರೆ?" ಯಾರೂ ಇಲ್ಲ ಅಂದ ಮಗ. ಬುರ್ಖಾದೊಳಗಿಂದ ಸಣ್ಣ ದನಿ ಬಂತು. "ನಾನು ಟೀಚರ್ ಅಲ್ವಾ?" ನಜೀರ್ ಸಾಹೇಬರ ಹೆಂಡತಿ ಫ್ರೇಜರ್ ಟೌನಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಆ ಶಾಲೆಯವರ ಗುಂಪು ವಿಮೆಯಲ್ಲಿ ಗಂಡನ ಹೆಸರೂ ಸೇರಿತ್ತು. ಇಡೀ ಬಿಲ್ಲು ಆಕೆಯ ಕಾರ್ಡಿನ ಮೇಲೆ ಹೋಯಿತು. ಗಂಡಸರ ಕಿಸೆ ಜಾಲಾಡಿದ ಮೇಲೆ "ಇಲ್ಲ" ಎಂದು ಬರೆಯುವ ಮುಂಚೆ ಹೆಂಗಸರನ್ನೊಮ್ಮೆ ಕೇಳಿ. ನನ್ನ ಕಾಲದಲ್ಲಿ ಎಷ್ಟೋ ಮನೆಗಳ ಬಿಲ್ಲು ಹೀಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಹೆಂಗಸರ ಕೆಲಸದಿಂದ ತೀರಿದೆ.

ಆಗ ಒಪ್ಪಿಗೆ ತರಿಸುವುದು ಫ್ಯಾಕ್ಸಿನಲ್ಲಿ. ಆ ಯಂತ್ರಕ್ಕೆ ನಾವು ಪೂಜೆ ಮಾಡದ ಆಯುಧಪೂಜೆಯಿರಲಿಲ್ಲ, ಬೈಯದ ದಿನವೂ ಇರಲಿಲ್ಲ. ಅದರ ನುಣುಪು ಕಾಗದದ ಮೇಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿ ಮಾಯವಾಗುತ್ತಿತ್ತು. ನಮ್ಮ ಲೆಕ್ಕಪತ್ರದವರೊಬ್ಬರು ಒಂದು ವರ್ಷದ ಒಪ್ಪಿಗೆ ಪತ್ರಗಳನ್ನು ನೀಟಾಗಿ ದಾರ ಕಟ್ಟಿ ಇಟ್ಟಿದ್ದರು. ತಪಾಸಣೆಗೆ ಬಂದವರು ಬಿಚ್ಚಿ ನೋಡಿದರೆ ಬಿಳೀ ಹಾಳೆಗಳು! ಆಮೇಲೆ ಈಮೇಲ್ ಬಂತು, ಅದರ ಹಿಂದೆ ಪೋರ್ಟಲ್ ಬಂತು. ಈಗಿನ ಮಕ್ಕಳು ಮೊಬೈಲಿನಲ್ಲೇ ಎಲ್ಲ ಮುಗಿಸುತ್ತಾರೆ. ನನಗದು ಸಂತೋಷವೇ. ನಮ್ಮ ಕಾಲವೇ ಚಂದ ಎಂದು ಗೊಣಗುವ ಪೈಕಿ ನಾನಲ್ಲ. ಆದರೆ ಪೋರ್ಟಲಿನಲ್ಲಿ ಒಂದು ಖಾನೆ ಇದೆ, "ಅಪಘಾತದ ವಿವರ" ಎಂದು. ಅಲ್ಲಿ ಏನು ತುಂಬಬೇಕು ಎಂಬುದನ್ನು ಯಾವ ಯಂತ್ರವೂ ಹೇಳಿಕೊಡುವುದಿಲ್ಲ.

ನಮ್ಮ ಜನರ ದೊಡ್ಡ ತಪ್ಪು ನಡೆಯುವುದೂ ಅಲ್ಲಿಯೇ. ಪೊಲೀಸ್ ಎಂದರೆ ಭಯ, ಕೋರ್ಟು ಎಂದರೆ ಇನ್ನೂ ಭಯ. ರಸ್ತೆಯಲ್ಲೇ ನಾಲ್ಕು ಜನ ಸೇರಿ "ಕಾಂಪ್ರಮೈಸ್" ಮಾಡುತ್ತಾರೆ. ಗುದ್ದಿದವನು ಬಿಲ್ಲು ಕಟ್ಟಬೇಕು, ಗುದ್ದಿಸಿಕೊಂಡವನು ಕಂಪ್ಲೇಂಟು ಕೊಡಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಸ್ಪತ್ರೆಗೆ ಬಂದ ಕೂಡಲೇ ಎಲ್ಲರೂ ಒಂದೇ ಬಾಯಲ್ಲಿ "ಜಾರಿ ಬಿದ್ರು" ಎನ್ನುತ್ತಾರೆ. ನಮ್ಮ ಎಮರ್ಜೆನ್ಸಿಯ ಮಾತು ನಂಬುವುದಾದರೆ ಬೆಂಗಳೂರಿನ ಬಚ್ಚಲುಗಳಷ್ಟು ಜಾರುವ ಜಾಗ ಪ್ರಪಂಚದಲ್ಲೇ ಇಲ್ಲ. ಡಾಕ್ಟರ್ ಕೇಸ್ ಶೀಟಿನ ಮೊದಲ ಸಾಲಿನಲ್ಲಿ "ಜಾರಿ ಬಿದ್ದದ್ದು" ಎಂದು ಬರೆದರೋ, ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಂಗಳು ಕಳೆದು, ಬಿಲ್ಲು ಬೆಳೆದು, ಗುದ್ದಿದವನು ಕೈ ಎತ್ತಿದಾಗ ನ್ಯಾಯಮಂಡಳಿಗೆ ಓಡಿದರೆ, ಗಾಡಿಯ ವಿಮೆಯವರು ಆ ಸಾಲನ್ನೇ ತೋರಿಸುತ್ತಾರೆ. ನೀವೇ ಹೇಳಿದಿರಲ್ಲ, ಜಾರಿ ಬಿದ್ದೆವು ಅಂತ?

ರತ್ನಮ್ಮನದೂ ಹಾಗೆಯೇ ಆಗಬೇಕಿತ್ತು.

ನಾನು ನಿವೃತ್ತಳಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಬೆಳಗ್ಗೆ ಡ್ಯೂಟಿಗೆ ಬಂದು ಬ್ಯಾಗು ಇಡುವಷ್ಟರಲ್ಲಿ ಎಮರ್ಜೆನ್ಸಿಯಿಂದ ಕರೆ ಬಂತು. ರತ್ನಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ಕೆ.ಆರ್. ಪುರದ ಆಚೆಯ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿಳಿದು, ಕಂಪನಿಯ ವ್ಯಾನ್ ಹತ್ತಲು ರಸ್ತೆ ದಾಟುವಾಗ ಕಾರು ಗುದ್ದಿತ್ತು. ಬಲಗಾಲಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಪಕ್ಕದಲ್ಲಿ ಗಂಡ ಮುನಿರಾಜು, ಟೈಲ್ಸ್ ಹಾಕುವ ಕೆಲಸದವನು, ಕೈಗೆ ಮೆತ್ತಿದ ಸಿಮೆಂಟಿನಲ್ಲೇ ಓಡಿಬಂದಿದ್ದ.

ಅಷ್ಟು ನೋವಿನಲ್ಲೂ ಆಕೆ ಹೇಳುತ್ತಿದ್ದದ್ದು ಒಂದೇ ಮಾತು. "ಮೇಡಂ, ಇದು ಮಿಷನ್ ಪೆಡಲ್ ಒತ್ತೋ ಕಾಲು. ಇದು ಹೋದ್ರೆ ನನ್ನ ಕೆಲ್ಸಾನೇ ಹೋಯ್ತು. ಹೆಂಗಾದ್ರೂ ಉಳಿಸಿ."

ಆಕೆಯನ್ನು ಕರೆತಂದವರು ಗುದ್ದಿದವರೇ. ಓಡಿಹೋಗಿರಲಿಲ್ಲ, ಅದು ಅವರ ದೊಡ್ಡತನ. ಓಡಿಸುತ್ತಿದ್ದವನು ಮಂಜುನಾಥ ಎಂಬ ಹುಡುಗ, ಇಂದಿರಾನಗರದ ಯಾವುದೋ ಆಡಿಟರ ಕಚೇರಿಯಲ್ಲಿ ಕೆಲಸಕ್ಕಿದ್ದ. ಕಾರು ಅವನ ಅಕ್ಕನ ಗಂಡ ಶಿವಾನಂದನದು. ಶಿವಾನಂದ ಬಾಣಸವಾಡಿಯಲ್ಲಿದ್ದುಕೊಂಡು ಸಣ್ಣಪುಟ್ಟ ಸರ್ಕಾರಿ ಕಾಮಗಾರಿ ಗುತ್ತಿಗೆ ಹಿಡಿಯುತ್ತಿದ್ದ. ನಾನು ಹೋಗುವಷ್ಟರಲ್ಲಿ ಬಂದು, ಮುನಿರಾಜುವಿನ ಹೆಗಲ ಮೇಲೆ ಕೈ ಹಾಕಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎಲ್ಲವನ್ನೂ ಮಾತಾಡಿ ಮುಗಿಸಿದ್ದ. ಡ್ಯೂಟಿ ಡಾಕ್ಟರ್ ಪೆನ್ನು ಹಿಡಿದು "ಏನಾಯ್ತು?" ಎಂದು ಕೇಳಿದಾಗ ಶಿವಾನಂದನೇ ಹೇಳಿದ.

"ಬಸ್ ಇಳಿಯೂ ಮುಂದ ಕಾಲ ಜಾರಿ ಬಿದ್ರರೀ ಡಾಕ್ಟ್ರ. ನಾವು ದಾರ್ಯಾಗ ಹೊಂಟಿದ್ವಿ, ಎತ್ಕೊಂಡು ಬಂದ್ವಿ."

ಮುನಿರಾಜು ತಲೆ ತಗ್ಗಿಸಿ ಹೌದೆಂದ. ರತ್ನಮ್ಮನಿಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಕಣ್ಣು ಮುಚ್ಚುತ್ತಿತ್ತು. ಡಾಕ್ಟರ್ ಅನುಮಾನದಿಂದ, "ಜಾರಿ ಬಿದ್ರೆ ಮೂಳೆ ಹೀಗೆ ಒಡೆಯಲ್ವಲ್ಲ?" ಅಂದರು. ಇನ್ನೂ ಬರೆದಿರಲಿಲ್ಲ.

"ಡಾಕ್ಟ್ರೇ, ಹತ್ತು ನಿಮಿಷ. ಕಾಲು ನೋಡಿ, ಹಾಳೆ ಆಮೇಲೆ," ಅಂದೆ.

ಮೊದಲು ಮುನಿರಾಜುವನ್ನು ಪಕ್ಕಕ್ಕೆ ಕರೆದೆ. "ಜಾರಿ ಬಿದ್ದ ಕಾಲಲ್ಲ ಇದು. ಸುಳ್ಳು ಯಾಕೆ ಹೇಳ್ದೆ?"

"ಅವ್ರು ಎಲ್ಲಾ ಕಟ್ತೀನಿ ಅಂತಾವ್ರೆ ಮೇಡಂ. ಪೊಲೀಸು, ಕೋರ್ಟು ಅಂದ್ರೆ ನಮ್ ಕೈಲಿ ಆಗಲ್ಲ. ಒಂದಿನ ಕೆಲಸ ಬಿಟ್ರೆ ಮೇಸ್ತ್ರಿ ಬೇರೆಯವ್ರನ್ನ ಹಾಕ್ಕೋತಾನೆ."

"ರತ್ನಮ್ಮನಿಗೆ ಸಂಬಳದಲ್ಲಿ ಇ.ಎಸ್.ಐ. ಹಿಡೀತಾರಾ?"

"ಹಿಡೀತಾರೆ. ಅದು ಜ್ವರ ಗಿರ ಬಂದ್ರೆ ಅಲ್ವಾ?"

ನೋಡಿ, ತಿಂಗಳು ತಿಂಗಳೂ ಸಂಬಳದಿಂದ ಹಿಡಿಸಿಕೊಂಡವರಿಗೇ ಗೊತ್ತಿರಲಿಲ್ಲ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪಘಾತವಾದರೆ ಅದನ್ನು ಕೆಲಸದಲ್ಲೇ ಆದ ಗಾಯವೆಂದು ಇ.ಎಸ್.ಐ. ಪರಿಗಣಿಸುತ್ತದೆ. ಚಿಕಿತ್ಸೆಯ ಖರ್ಚಿನ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳದ ಬಹುಪಾಲನ್ನೂ ಕೊಡುತ್ತದೆ. ಕಾಲು ಪೂರ್ತಿ ಸರಿಹೋಗದಿದ್ದರೆ ಅದಕ್ಕೆ ಪರಿಹಾರ ಕೊಡಬೇಕಾದದ್ದು ಕಾರಿನ ವಿಮೆ. ಎರಡೂ ಬೇರೆ, ಎರಡೂ ಆಕೆಯ ಹಕ್ಕು. ಆದರೆ ಎರಡಕ್ಕೂ ಬೇಕಾದದ್ದು ನಿಜ. ಇದನ್ನೆಲ್ಲ ಮುನಿರಾಜುವಿಗೆ ಹೇಳಿದೆ. ಅವನು ಕೇಳಿಸಿಕೊಂಡ, ಆದರೆ ಕಣ್ಣು ಶಿವಾನಂದನ ಕಡೆಗೇ ಇತ್ತು. ಭಯವಿದ್ದವನಿಗೆ ಎದುರಿಗೆ ನಿಂತ ಮನುಷ್ಯನೇ ದೊಡ್ಡ ಭರವಸೆ.

ಅಷ್ಟರಲ್ಲಿ ಶಿವಾನಂದ ನನ್ನ ಮಾತಿನ ಧಾಟಿ ಹಿಡಿದುಬಿಟ್ಟಿದ್ದ. "ಅಕ್ಕಾರ, ನೀವು ನಮ್ಮ ಕಡಿಯವ್ರು ಅದೀರಿ ಅನ್ನಸ್ತೈತಿ?"

"ಹೌದು, ರಾಣೆಬೆನ್ನೂರು."

"ನಮ್ದು ಹಾವೇರಿ! ಹಂಗಾರ ನಿಮ್ಮ ಮುಂದ ಮುಚ್ಚೂದೇನೈತಿ. ಹುಡುಗ ಗೌರ್ಮೆಂಟ್ ಪರೀಕ್ಷಾ ಬರದು ಪಾಸಾಗ್ಯಾನ. ಪೋಸ್ಟಿಂಗ್ ಆರ್ಡರ್ ಒಂದು ಬರೂದೈತಿ. ಈಗ ಪೊಲೀಸ್ ಕೇಸ್ ಆದ್ರ ವೆರಿಫಿಕೇಶನ್‌ನ್ಯಾಗ ಕುಂತು ಬಿಡ್ತೈತಿ. ಎಷ್ಟ ಖರ್ಚ ಆದ್ರೂ ನಾ ಕೊಡ್ತೀನಿ. ನಮ್ಮ ಹುಡುಗನ ಬಾಳೇ ನಿಮ್ಮ ಕೈಯಾಗ ಐತ್ರೀ."

ನನ್ನ ಕಡೆಯ ಮಾತು ಕಿವಿಗೆ ಬಿದ್ದರೆ ಮನಸ್ಸು ಕರಗುತ್ತದೆ. ಆ ಹುಡುಗನನ್ನು ನೋಡಿದೆ. ಗೋಡೆಗೆ ಒರಗಿ ನಿಂತಿದ್ದ. ಅಂಗಿಯ ತೋಳಿನ ಮೇಲೆ ರತ್ನಮ್ಮನ ರಕ್ತ. ಅಯ್ಯೋ ಅನ್ನಿಸಿತು. ಆದರೆ ಅದಕ್ಕಿಂತ ದೊಡ್ಡ ಅಯ್ಯೋ ಸ್ಟ್ರೆಚರಿನ ಮೇಲೆ ಮಲಗಿತ್ತು.

ಅದೇ ಹೊತ್ತಿಗೆ ನಮ್ಮ ಹೊಸ ಆಪರೇಷನ್ಸ್ ಹೆಡ್ ಬಂದರು. ಅಂತೋಣಿ ಸರ್ ಆಗಲೇ ನಿವೃತ್ತರಾಗಿದ್ದರು. ಇವರು ಯುವಕರು, ನಗುಮುಖದವರು, ಎಲ್ಲದಕ್ಕೂ ಒಂದು ಚಾರ್ಟ್ ಇಟ್ಟುಕೊಂಡವರು. "ಮೇಡಂ, ಪಾರ್ಟಿ ಕ್ಯಾಷ್ ಕಟ್ತಾರೆ. ಇ.ಎಸ್.ಐ. ಪೇಮೆಂಟ್ ಯಾವಾಗ ಬರತ್ತೋ ಗೊತ್ತಿಲ್ಲ. ನೀವ್ಯಾಕೆ ಮಧ್ಯ ಬರ್ತೀರಾ?" ಅಂದರು.

"ಸರ್, ಗುದ್ದಿಸಿಕೊಂಡವರನ್ನ ಜಾರಿ ಬಿದ್ದವರು ಅಂತ ಬರೆದು, ನಾಳೆ ಅದು ಹೊರಗೆ ಬಂದ್ರೆ ಕೋರ್ಟಿಗೆ ಕರೆಸೋದು ನಮ್ಮ ಆಸ್ಪತ್ರೆಯನ್ನ. ನೀವು ಹೋಗ್ತೀರಾ? ನಾನಂತೂ ಹೋಗಲ್ಲ," ಅಂದೆ. ಅವರು ಚಾರ್ಟ್ ನೋಡಿಕೊಂಡು ಮುಂದೆ ಹೋದರು. ಸುಳ್ಳು ಹೇಳಲಾರೆ, ಆ ಉತ್ತರ ಇಂದಿಗೂ ನನಗೆ ಖುಷಿ ಕೊಡುತ್ತದೆ.

ಆಮೇಲೆ ಮಂಜುನಾಥನ ಹತ್ತಿರ ಹೋಗಿ, "ಏನಾಯ್ತಪ್ಪ, ಹೇಳು," ಅಂದೆ. ಶಿವಾನಂದ ಬಾಯಿ ತೆರೆದ. "ನಿಮ್ಮನ್ನಲ್ಲ ಕೇಳಿದ್ದು, ಅವನನ್ನ," ಅಂದೆ.

"ಸಿಗ್ನಲ್ ಹಳದಿ ಬಂದಿತ್ರೀ," ಅಂದ ಹುಡುಗ. "ದಾಟಿಬಿಡ್ತೀನಿ ಅಂದ್ಕೊಂಡೆ."

"ಲೈಸೆನ್ಸ್ ಇದೆಯಾ? ಗಾಡಿಯ ಇನ್ಶೂರೆನ್ಸ್ ಕಟ್ಟಿದ್ದಾರಾ?"

"ಎರಡೂ ಐತ್ರೀ."

"ಹಂಗಾರ ಕೇಳು. ನಿಮ್ಮ ಭಾವ ಕೊಡ್ತೀನಿ ಅಂತಿರೋದು ಇವತ್ತಿನ ಬಿಲ್ಲು. ಈ ಕಾಲಿಗೆ ನಾಳೆ ಅನ್ನೋದೈತಿ, ಮುಂದಿನ ವರ್ಷ ಅನ್ನೋದೈತಿ. ಇನ್ನೂ ಎಷ್ಟು ಆಪರೇಷನ್ ಅಂತ ಡಾಕ್ಟರಿಗೇ ಗೊತ್ತಿಲ್ಲ. ಅಷ್ಟೂ ದಿನ ಅವರು ಕೊಡ್ತಾರಾ? ವರ್ಷಾ ವರ್ಷಾ ಗಾಡಿಗೆ ಇನ್ಶೂರೆನ್ಸ್ ಕಟ್ಟಿದ್ದು ಇದಕ್ಕೇ ಅಲ್ಲೇನು?"

"ನನ್ನ ಪೋಸ್ಟಿಂಗ್?"

ಇಲ್ಲಿ ನಾನು ಸುಲಭದ ಮಾತು ಹೇಳಬಹುದಿತ್ತು. ಏನೂ ಆಗುವುದಿಲ್ಲ ಬಿಡು ಎನ್ನಬಹುದಿತ್ತು. ಹೇಳಲಿಲ್ಲ. "ಕೇಸು ಆಗತ್ತೆ. ಪೋಸ್ಟಿಂಗ್ ತಡ ಆಗಬಹುದು. ಏನಾಗತ್ತೋ ನನಗೆ ಗೊತ್ತಿಲ್ಲಪ್ಪ. ಗೊತ್ತಿರೋದು ಇಷ್ಟೇ. ಜಾರಿ ಬಿದ್ರು ಅಂತ ಬರೆದ್ರೆ ಆಕೆಗೆ ಆಮೇಲೆ ಯಾವ ಬಾಗಿಲೂ ಇಲ್ಲ."

ಹುಡುಗ ಸ್ಟ್ರೆಚರಿನ ಕಡೆ ತಿರುಗಿದ. ಶಿವಾನಂದ "ಮಂಜ್ಯಾ, ಸುಮ್ನಿರು," ಎಂದು ತೋಳು ಹಿಡಿದ. ಅವನು ತೋಳು ಬಿಡಿಸಿಕೊಂಡು ಡಾಕ್ಟರ ಮುಂದೆ ಹೋಗಿ ನಿಂತ.

"ಸರ್, ಅವರು ಜಾರಿ ಬಿದ್ದಿಲ್ರೀ. ನಾ ಗುದ್ದೀನಿ. ಹಂಗ ಬರೀರಿ."

ಡಾಕ್ಟರ್ ಹಾಗೆಯೇ ಬರೆದರು. ಠಾಣೆಗೆ ಮಾಹಿತಿ ಹೋಯಿತು. ಶಿವಾನಂದ ನನ್ನನ್ನು ನುಂಗುವಂತೆ ನೋಡಿ, ನಮ್ಮ ಕಡೆಯವರಾಗಿ ಹೀಗೆ ಮಾಡಬಹುದೇ ಎಂದು ಕೇಳಿ, ಹೊರಗೆ ಹೋಗಿ ಸಿಗರೇಟು ಹಚ್ಚಿದ. ನಾನು ಗಾರ್ಮೆಂಟ್ಸಿನ ಕಚೇರಿಗೆ ಫೋನ್ ಹಚ್ಚಿದೆ. ಅಲ್ಲಿಯವರು ಮೊದಲು, "ಅದು ನಮ್ಮ ಗೇಟಿನ ಹೊರಗಾಗಿದ್ದು ಮೇಡಂ," ಎಂದು ರಾಗ ಎಳೆದರು. ಅವರದೇ ವ್ಯಾನ್ ಹತ್ತಲು ಹೋಗುತ್ತಿದ್ದಳು ಎಂದು ನೆನಪಿಸಿದ ಮೇಲೆ ಅಪಘಾತದ ವರದಿ ಕಳಿಸಿದರು. ಇ.ಎಸ್.ಐ. ಪತ್ರ ಬಂತು. ನಮ್ಮಲ್ಲೇ ಆಪರೇಷನ್ ಆಯಿತು.

ಅಲ್ಲಿಗೆ ಮುಗಿಯಲಿಲ್ಲ. ಮೂಳೆಗೆ ಸೋಂಕು ತಗುಲಿತು. ಒಳಗೆ ಹಾಕಿದ್ದ ರಾಡು ತೆಗೆದರು, ಮತ್ತೆ ಹಾಕಿದರು. ಕಾಲೇ ತೆಗೆಯಬೇಕಾಗಬಹುದು ಎಂಬ ಮಾತೂ ಬಂದುಹೋಯಿತು. ರತ್ನಮ್ಮನ ಮನೆಯವರು ಬೌದ್ಧರು. ಅತ್ತೆ ಬಂದು ಹಾಸಿಗೆಯ ಪಕ್ಕ ಬುದ್ಧನ ಪುಟ್ಟ ಪಟವಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಮಂಜುನಾಥ ಕೆಲಸ ಮುಗಿಸಿ ದಿನಾ ಸಂಜೆ ಹಣ್ಣು ಹಿಡಿದು ಬರುತ್ತಿದ್ದ. ಮೊದಮೊದಲು ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ಆಮೇಲೆ ಅತ್ತೆಯೇ ಸ್ಟೂಲು ತೋರಿಸಿ ಕೂರಿಸಿದರು. ಮುನಿರಾಜು ಕೆಲಸಕ್ಕೆ ಹೋದ ದಿನ ಔಷಧಿ ಅಂಗಡಿಗೆ ಓಡುವವನು ಇವನೇ.

ಈ ನಡುವೆ ಶಿವಾನಂದನ ಗುತ್ತಿಗೆಯ ಬಿಲ್ಲುಗಳು ಎಲ್ಲೋ ಸಿಕ್ಕಿಕೊಂಡು ಅವನಿಗೇ ಕೈ ಬಿಗಿಯಾಯಿತು. ಒಂದು ದಿನ ನನ್ನ ಮೇಜಿನ ಮುಂದೆ ತಾನಾಗಿಯೇ ಬಂದು ಕೂತ. "ಅಕ್ಕಾರ, ಅವತ್ತು ನಾ ಹೇಳಿದಂಗ ಆಗಿದ್ರ, ಇವತ್ತು ನಾ ಮಾತಿಗೆ ತಪ್ತಿದ್ದೆ ನೋಡ್ರಿ. ಆ ಹೆಣ್ಮಗಳ ಕಾಲು ನನ್ನ ತಲಿ ಮ್ಯಾಲ ಬರ್ತಿತ್ತು." ಅವನು ಕೆಟ್ಟವನಲ್ಲ. ಅವತ್ತು ಕೊಟ್ಟ ಮಾತನ್ನು ನಿಜವಾಗಿಯೂ ಉಳಿಸಿಕೊಳ್ಳುತ್ತೇನೆ ಎಂದುಕೊಂಡೇ ಕೊಟ್ಟಿದ್ದ. ಕಾಂಪ್ರಮೈಸಿನ ತೊಂದರೆ ಅದೇ. ಒಳ್ಳೆಯವರೂ ಅದರಲ್ಲಿ ಸೋಲುತ್ತಾರೆ.

ನ್ಯಾಯಮಂಡಳಿಯ ಕೇಸು ಮೇಯೋ ಹಾಲ್ ಕೋರ್ಟಿನಲ್ಲಿ ನಡೆಯಿತು. ಆಸ್ಪತ್ರೆಯ ದಾಖಲೆಗಳೊಂದಿಗೆ ಸಾಕ್ಷಿಗೆ ಕರೆಸಿದ್ದು ನನ್ನನ್ನು. ಕಾರಿನ ವಿಮೆ ಕಂಪನಿಯ ವಕೀಲರು ಚುರುಕಿನವರು. ಅವರ ವಾದ ಏನೆಂದರೆ, ಈಕೆ ತಾನೇ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ಪರಿಹಾರದ ಆಸೆಗೆ ಪರಿಚಯದವರ ಕಾರನ್ನು ತಂದು ಸೇರಿಸಿದ್ದಾರೆ. ಅದಕ್ಕೆ ಆಧಾರ? ಮಂಜುನಾಥ ದಿನಾ ಆಸ್ಪತ್ರೆಗೆ ಬರುತ್ತಿದ್ದ ಎಂಬುದು!

"ಗುದ್ದಿದವನು ದಿನಾ ಹಣ್ಣು ತಂದ್ಕೊಡೋದನ್ನ ನಿಮ್ಮ ಸರ್ವಿಸ್‌ನಲ್ಲಿ ನೋಡಿದ್ದೀರಾ ಮೇಡಂ?" ಎಂದು ಕೇಳಿದರು.

"ಇಲ್ಲ ಸರ್. ಇದೇ ಮೊದಲು," ಅಂದೆ. "ಅದಕ್ಕೇ ಚೆನ್ನಾಗಿ ನೆನಪಿದೆ."

ನ್ಯಾಯಾಧೀಶರು ನಕ್ಕಂತೆ ಕಂಡಿತು. ಆಮೇಲೆ ಕೇಸ್ ಶೀಟ್ ತೆಗೆಸಿ ಮೊದಲ ಸಾಲನ್ನು ಓದಿಸಿದರು. ಕಾರು ಡಿಕ್ಕಿ, ಓಡಿಸಿದವರೇ ಕರೆತಂದು ಹೇಳಿದ್ದು. ಪೊಲೀಸರಿಗೆ ಆ ಬೆಳಗ್ಗೆಯೇ ಹೋದ ಮಾಹಿತಿ. ಯಾರೂ ವಕೀಲರನ್ನು ಕಾಣುವ ಮೊದಲು, ಯಾರಿಗೂ ಪರಿಹಾರದ ಯೋಚನೆ ಬರುವ ಮೊದಲು ಬರೆದದ್ದು. ಕಂಪನಿಯ ವಕೀಲರು ಮತ್ತೆ ಆ ದಾರಿ ಹಿಡಿಯಲಿಲ್ಲ. ಕಟಕಟೆಯಿಂದ ಇಳಿಯುವಾಗ ನನಗೆ ಎದೆ ಉಬ್ಬಿದ್ದು ನಿಜ. ಬಡ್ತಿಯ ಪತ್ರ ಕೈಗೆ ಬಂದಾಗಲೂ ಹಾಗೆ ಆಗಿರಲಿಲ್ಲ.

ಆದೇಶ ರತ್ನಮ್ಮನ ಕಡೆಗೇ ಆಯಿತು. ಕಾಲು ಉಳಿಯಿತು, ಆದರೆ ಮೊದಲಿನಂತಾಗಲಿಲ್ಲ. ಪೆಡಲ್ ಒತ್ತುವ ಬಲ ಬರಲಿಲ್ಲ. ಗಾರ್ಮೆಂಟ್ಸಿನಲ್ಲಿ ಕೂತು ಬಟ್ಟೆ ಪರೀಕ್ಷಿಸುವ ಚೆಕ್ಕಿಂಗ್ ವಿಭಾಗಕ್ಕೆ ಹಾಕಿದರು, ಸಂಬಳ ಕಡಿಮೆ. ಆ ಕಡಿಮೆಯಾದದ್ದನ್ನು ತುಂಬಿಕೊಟ್ಟದ್ದು ಪರಿಹಾರ. ಮಂಜುನಾಥ ಕ್ರಿಮಿನಲ್ ಕೇಸಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿದ್ದ. ವೆರಿಫಿಕೇಶನ್ನಿನಲ್ಲಿ ಮುಚ್ಚಿಡದೆ ಬರೆದ. ಜೊತೆಯವರೆಲ್ಲ ಕೆಲಸಕ್ಕೆ ಸೇರಿ ಬಹಳ ದಿನವಾದ ಮೇಲೆ ಅವನ ಪೋಸ್ಟಿಂಗ್ ಬಂತು. ಬಂತಲ್ಲ, ಅಷ್ಟು ಸಾಕು.

ಆದೇಶದ ದಿನ ಎಲ್ಲರೂ ಕೋರ್ಟಿನ ಮೆಟ್ಟಿಲಿಳಿದು ಬಂದೆವು. ನಾನು ರಜೆ ಹಾಕಿ ಹೋಗಿದ್ದೆ. ಮುನಿರಾಜು ಆಟೋ ಬುಕ್ ಮಾಡುತ್ತಿದ್ದ, ಬಂದ ಆಟೋಗಳೆಲ್ಲ ಕೆ.ಆರ್. ಪುರ ಎಂದ ಕೂಡಲೇ ಕ್ಯಾನ್ಸಲ್ ಆಗುತ್ತಿದ್ದವು. ಶಿವಾನಂದ ಕಾರಿನ ಕೀ ತೆಗೆದು, "ಬರ್ರಿ, ನಾ ಬಿಡ್ತೀನಿ," ಅಂದ.

ರತ್ನಮ್ಮ ಕೋಲು ಊರಿಕೊಂಡು ಕಾರಿನವರೆಗೆ ಬಂದು ನಿಂತಳು. ಅದೇ ಕಾರು. ಮುನಿರಾಜು ಹಿಂದೆ ಸರಿದ. ಆಕೆ ಮಂಜುನಾಥನ ಕಡೆ ನೋಡಿದಳು.

"ನೀನ್ಯಾಕೆ ಓಡಿಸಲ್ಲ?"

"ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ರೀ ಅಕ್ಕ. ಕೈ ನಡಗ್ತಾವು."

"ನಾನು ಎದ್ದು ನಡೀತಿಲ್ವಾ? ನಂಗೂ ನಡುಕ ಬಂದಿತ್ತು," ಅಂದಳು ರತ್ನಮ್ಮ. ಶಿವಾನಂದನ ಕಡೆ ತಿರುಗಿ, "ಸಾರ್, ಕೀ ಅವ್ನ ಕೈಗೆ ಕೊಡಿ. ನಾನು ಮುಂದ್ಗಡೆ ಕೂತ್ಕೋತೀನಿ."

ಶಿವಾನಂದ, ಮುನಿರಾಜು, ನಾನು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಹಲಸೂರು ದಾಟಿತು. ಇಂದಿರಾನಗರ ಬಂತು, ನಾನು ಇಳಿಯಬೇಕಾದ ಜಾಗ, ಇಳಿಯಲಿಲ್ಲ. ಹಳೇ ಮದರಾಸು ರಸ್ತೆಯುದ್ದಕ್ಕೂ ಹುಡುಗ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಓಡಿಸಿದ. ಟಿನ್ ಫ್ಯಾಕ್ಟರಿಯ ಹತ್ತಿರ ಸಿಗ್ನಲ್ ಹಳದಿಗೆ ತಿರುಗಿತು. ದಾಟಬಹುದಿತ್ತು, ಅಷ್ಟು ಜಾಗವಿತ್ತು. ಅವನು ನಿಲ್ಲಿಸಿಬಿಟ್ಟ. ಹಿಂದಿನ ಬಸ್ಸು, ಲಾರಿ, ಬೈಕುಗಳೆಲ್ಲ ಸೇರಿ ಹಾರ್ನ್ ಹೊಡೆಯತೊಡಗಿದವು. ಹುಡುಗನ ಕಿವಿ ಕೆಂಪಾಯಿತು, ಕೈ ಗೇರಿನ ಮೇಲೆ ಹೋಯಿತು.

ರತ್ನಮ್ಮ ಅವನ ಕೈಯ ಮೇಲೆ ಕೈ ಇಟ್ಟಳು.

"ಹೊಡ್ಕೊಳ್ಲಿ ಬಿಡು," ಅಂದಳು. "ಜನ ದಾಟ್ಲಿ."